ಫ್ಯೂಸ್ ನಿಲ್ಲದ ಟಿವಿ

ಮಂಕಿಯಲ್ಲಿ ಆಷಾಢದ ಮಳೆ ಹಿಡಿದರೆ ಬೇಲಿ ಹತ್ತಿರ ನಿಂತು ಮಾತಾಡಲು ಸಿಗುವುದು ದಿನಕ್ಕೆ ಹತ್ತೇ ನಿಮಿಷ. ಒಂದು ಮಳೆ ಹೋಗಿ ಇನ್ನೊಂದು ಬರುವುದರೊಳಗೆ ಸೌತೆ ಬಳ್ಳಿ ನೋಡಬೇಕು, ಬಿದ್ದ ಮಡಲು ಎಳೆದು ಹಾಕಬೇಕು, ದಣಪೆಯಾಚೆಯ ಅಕ್ಕನ ಹತ್ತಿರ ನಾಲ್ಕು ಮಾತೂ ಆಗಬೇಕು. ಹೋದ ವರ್ಷ ಮಳೆ ಹಾಗೇ ಒಮ್ಮೆ ಹೊಳವಾದಾಗ ಅಕ್ಕ ಹೇಳಿದರು: "ನಮ್ಮನೆ ಟಿವಿಗೆ ಫ್ಯೂಸೇ ನಿಲ್ತಿಲ್ಲ ಮಾರಾಯ್ರೆ. ಹಾಕಿದ್ದೆಲ್ಲ ಹೋಗ್ತದೆ."

ಯಾವ ಫ್ಯೂಸು ಅಂತ ಮೊದಲು ಕೇಳಿದೆ. ಮೀಟರ್ ಬೋರ್ಡಿನಲ್ಲಿರುವ ಪಿಂಗಾಣಿ ಫ್ಯೂಸ್ ಹೋದರೆ ಮನೆಗೆ ಮನೆಯೇ ಕತ್ತಲೆ. ಬಿಳಿ ಹಿಡಿಕೆ ಕಿತ್ತು, ತಂತಿ ಕಟ್ಟಿ, ಮತ್ತೆ ಒತ್ತಿದರೆ ಆಯ್ತು. ಅಕ್ಕನದು ಅದಲ್ಲ. ಟಿವಿಯ ಹೊಟ್ಟೆಯೊಳಗೆ ಎರಡು ಸೆಂಟಿಮೀಟರ್ ಉದ್ದದ ಗಾಜಿನ ಕೊಳವೆಯೊಂದು ಇರುತ್ತದಲ್ಲ, ಎರಡೂ ತುದಿಗೆ ಲೋಹದ ಟೋಪಿ, ನಡುವೆ ಕೂದಲೆಳೆಯಂಥ ತಂತಿ, ಅದು. ಮೊದಲನೆಯದು ಹೋದಾಗ ಗುರುತಿನ ಹುಡುಗನೊಬ್ಬ ಹೊಸದು ಹಾಕಿಕೊಟ್ಟ. ಎರಡು ದಿನ ನಡೆಯಿತು. ಎರಡನೆಯದು ಒಂದು ವಾರ. ಮೂರನೆಯದು ಸ್ವಿಚ್ ಒತ್ತಿದ ಕೂಡಲೇ ಟಪ್ ಅಂದಿತು. ಇನ್ನು ಗಾಜಿನದ್ದು ಬೇಡ, ದಪ್ಪ ತಾಮ್ರದ ತಂತಿ ಸುತ್ತಿಬಿಡ್ತೇನೆ ಅಂತ ಹುಡುಗ ಹೇಳಿ ಹೋಗಿದ್ದನಂತೆ.

"ಅದೊಂದು ಮಾಡಿಸಬೇಡಿ ಅಕ್ಕ" ಅಂದೆ. ಸ್ವಲ್ಪ ಗಟ್ಟಿಯಾಗಿಯೇ ಅಂದೆ.

ಫ್ಯೂಸ್ ಸುಟ್ಟರೆ ಫ್ಯೂಸೇ ಹಾಳು ಎಂದು ತಿಳಿಯುವವರು ಇನ್ನೂ ಇದ್ದಾರೆ. ಅದರ ಕೆಲಸವೇ ಸುಡುವುದು. ಒಳಗೆ ಎಲ್ಲೋ ಕರೆಂಟು ಹರಿಯಬೇಕಾದ್ದಕ್ಕಿಂತ ಹೆಚ್ಚು ಹರಿಯುತ್ತಿದೆ, ಅದಕ್ಕೇ ಇದು ಕಡಿದುಕೊಂಡಿದೆ. ಅದರ ಜಾಗದಲ್ಲಿ ತಾಮ್ರ ಸುತ್ತಿದರೆ ಆ ಕರೆಂಟು ನಿಲ್ಲುವುದಿಲ್ಲ. ಮುಂದೆ ಹೋಗಿ ಬೋರ್ಡನ್ನು, ಕಾಯಿಲನ್ನು, ಕೊನೆಗೆ ಹಿಂದಿನ ಪ್ಲಾಸ್ಟಿಕ್ಕನ್ನೇ ಸುಡುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸುಗಳನ್ನೂ ನಾನು ನೋಡಿದ್ದೇನೆ. ಮರದ ಅಟ್ಟ, ಹಳೇ ವೈರಿಂಗ್ ಇರುವ ಮನೆಗಳಲ್ಲಿ ಅಂಥದ್ದನ್ನು ನೋಡಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆ ಟಿವಿಯ ವಿಷಯ ನಿಮಗೆ ಹೇಳಬೇಕು. ಇಪ್ಪತ್ತೊಂದು ಇಂಚಿನ ಡಬ್ಬಿ ಟಿವಿ. ಭಟ್ಕಳದಿಂದ ಹೊನ್ನಾವರದವರೆಗೆ ನಮ್ಮ ಕರಾವಳಿಯ ಎಷ್ಟೋ ಮನೆಗಳ ಹಾಗೆ ಅವರ ಮನೆಯಲ್ಲೂ ದುಡಿಮೆ ಗಲ್ಫಿನದು. ಅಕ್ಕನ ಗಂಡ, ನಮಗೆಲ್ಲ ಅಣ್ಣ, ದುಬೈಯಿಂದ ಬರುವಾಗ ಕಂಬಳಿ ಸುತ್ತಿ ತಂದದ್ದು. ಅವರು ತೀರಿಕೊಂಡು ಆರು ವರ್ಷವಾಯಿತು. ಗೋಡೆಗೆ ತೂಗುವ ತೆಳ್ಳನೆಯದನ್ನು ಕೊಡಿಸ್ತೇನೆ ಅಂತ ಬೆಂಗಳೂರಿನ ಮಗ ಎಷ್ಟು ಹೇಳಿದರೂ ಅಕ್ಕ ಒಪ್ಪಿಲ್ಲ. ಪಕ್ಕದಲ್ಲಿ ಸೆಟ್‌ಟಾಪ್ ಡಬ್ಬಿ ಇಟ್ಟುಕೊಂಡು ಅದರಲ್ಲೇ ನೋಡುತ್ತಾರೆ. ಚಂದನದಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ಅಂದರೆ ಅವರಿಗೆ ಪ್ರಾಣ. ಡಾ. ನಾ. ಸೋಮೇಶ್ವರ ಪ್ರಶ್ನೆ ಓದಿ ಮುಗಿಸುವ ಮೊದಲೇ ಅಕ್ಕನ ಉತ್ತರ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಮೂರು ವಾರದಿಂದ ಆ ದನಿ ಇರಲಿಲ್ಲ. ನನಗೂ ಏನೋ ಕಳಕೊಂಡ ಹಾಗಿತ್ತು.

ಟಿವಿ ಅಂದರೆ ಈ ಊರಿಗೆ ಮೊದಲಿಂದಲೂ ಬರೀ ಪೆಟ್ಟಿಗೆಯಲ್ಲ. 1987ರ ಜನವರಿಯಲ್ಲಿ 'ರಾಮಾಯಣ' ಶುರುವಾದಾಗ ಭಾನುವಾರ ಬೆಳಿಗ್ಗೆ ಟಿವಿ ಇದ್ದವರ ಜಗಲಿಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಅದೇ ಹೊತ್ತಿಗೆ 'ಮಾಲ್ಗುಡಿ ಡೇಸ್' ಬಂತು. ಅದನ್ನು ಮಾಡಿದ ಶಂಕರ್ ನಾಗ್ ನಮ್ಮ ಹೊನ್ನಾವರದ ಕಡೆಯವರು ಅನ್ನುವ ಅಭಿಮಾನಕ್ಕೇ ಹಿಂದಿ ಬಾರದವರೂ ಕಣ್ಣು ಕೀಳದೆ ನೋಡಿದರು. ಒಬ್ಬ ಮಾಡಿನ ಮೇಲೆ ಅಂಟೆನಾ ತಿರುಗಿಸುವುದು, ಇನ್ನೊಬ್ಬ ಕೆಳಗಿಂದ "ಬಂತು, ಬಂತು, ಹೋಯ್ತು" ಅಂತ ಕೂಗುವುದು. ಆಗೆಲ್ಲ ಪೇಟೆಗೊಬ್ಬರಾದರೂ ರಿಪೇರಿಯವರು ಇದ್ದೇ ಇರುತ್ತಿದ್ದರು.

ಇರಲಿ, ಫ್ಯೂಸಿಗೆ ಬರುತ್ತೇನೆ. ಸುಟ್ಟ ಮೂರನ್ನೂ ಅಕ್ಕ ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದರು. ಬೇಲಿಯ ಮೇಲಿಂದ ಕೈ ಚಾಚಿ ಕೊಟ್ಟರು. ಬೆಳಕಿಗೆ ಹಿಡಿದು ನೋಡಿದೆ. ಎರಡರ ಗಾಜಿನಲ್ಲಿ ತಂತಿ ನಡುವೆ ಕಡಿದಿತ್ತು, ಗಾಜು ಮಾತ್ರ ತಿಳಿಯಾಗಿಯೇ ಇತ್ತು. ಮೂರನೆಯದು ಹಾಗಲ್ಲ. ಒಳಗೆಲ್ಲ ಕಪ್ಪು ಮಸಿ, ಅಂಚಿನಲ್ಲಿ ಕನ್ನಡಿಯ ಹಾಗೆ ಬೆಳ್ಳಿ ಬಣ್ಣ, ತಂತಿಯ ಗುರುತೇ ಇಲ್ಲ. ಗಾಜು ತಿಳಿಯಾಗಿದ್ದರೆ ಕರೆಂಟು ಸ್ವಲ್ಪ ಹೆಚ್ಚಾಗಿ ತಂತಿ ಮೆಲ್ಲಗೆ ಕರಗಿದೆ ಎಂದು ಅರ್ಥ. ಕಪ್ಪಾಗಿದ್ದರೆ ಒಮ್ಮೆಲೇ ಭಾರೀ ಕರೆಂಟು ನುಗ್ಗಿ ತಂತಿ ಆವಿಯಾಗಿ ಗಾಜಿಗೆ ಅಂಟಿದೆ, ಒಳಗೆ ನೇರ ಶಾರ್ಟ್ ಆಗಿದೆ. ಅಂದರೆ ಅಕ್ಕನ ಟಿವಿಯಲ್ಲಿದ್ದ ರೋಗ ದಿನೇ ದಿನೇ ಬಲಿತಿತ್ತು.

"ದುಬೈಯ ಟಿವಿ ಅಂತ ಹೀಗಾ?" ಅಂತ ಕೇಳಿದರು. ಅದಲ್ಲ. ದುಬೈಯ ಕರೆಂಟೂ ಹೆಚ್ಚುಕಮ್ಮಿ ನಮ್ಮಷ್ಟೇ. ತಕರಾರು ಇದ್ದದ್ದು ಸೌದಿಯಿಂದ ಬಂದ ಕೆಲವು ಸಾಮಾನಿಗೆ. ಅಲ್ಲಿ ಮನೆಗಳಿಗೆ 127 ವೋಲ್ಟ್ ಬರುವುದಿತ್ತು. ಹಿಂದೆ ಇರುವ ಚಿಕ್ಕ ಸ್ವಿಚ್ಚು ಕಡಿಮೆ ವೋಲ್ಟಿನ ಕಡೆಗೇ ಉಳಿದು ಇಲ್ಲಿಯ 230ಕ್ಕೆ ಸಿಕ್ಕಿಸಿದರೆ ಮುಗಿಯಿತು. ಇಷ್ಟು ವರ್ಷ ಓಡಿದ ಟಿವಿಗೆ ಆ ಮಾತೇ ಇಲ್ಲ.

ನನಗೆ ಅನುಮಾನ ಬಂದದ್ದು ನಮ್ಮ ಕಂಬದ ಮೇಲೆ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ. ಜೂನ್ ಗಾಳಿಗೆ ತೆಂಗಿನ ಮಡಲು ಲೈನಿನ ಮೇಲೆ ಬೀಳದ ವಾರವಿಲ್ಲ. ಕಂಬದಲ್ಲಿ ಮೂರು ಫೇಸ್ ತಂತಿ, ಒಂದು ನ್ಯೂಟ್ರಲ್. ಒಂದು ಫೇಸು, ಒಂದು ನ್ಯೂಟ್ರಲ್ ಸೇರಿ ಮನೆಗೆ 230 ವೋಲ್ಟ್ ಕೊಡುತ್ತವೆ. ಎರಡು ಫೇಸುಗಳ ನಡುವೆ ಇರುವುದು 400. ಮಡಲು ಬಿದ್ದು ನ್ಯೂಟ್ರಲ್ ಒಂದೇ ಕಡಿದರೆ ಬೇರೆ ಬೇರೆ ಫೇಸಿನ ಎರಡು ಮನೆಗಳು ಆ 400ನ್ನು ತಮ್ಮಲ್ಲೇ ಹಂಚಿಕೊಳ್ಳಬೇಕು. ಆ ಹಂಚಿಕೆ ಸಮನಾಗಿರುವುದಿಲ್ಲ. ಹೆಚ್ಚು ಸಾಮಾನು ನಡೆಯುತ್ತಿರುವ ಮನೆಗೆ ಕಡಿಮೆ ವೋಲ್ಟ್, ಒಂದು ಬಲ್ಬು ಮಾತ್ರ ಉರಿಸಿದ ಬಡಪಾಯಿ ಮನೆಗೆ ಹೆಚ್ಚು. ನಿಮ್ಮ ಮನೆಯ ದೀಪ ಇದ್ದಕ್ಕಿದ್ದಂತೆ ಬೆಳ್ಳಗೆ ಹೊಳೆದು ಪಕ್ಕದ ಮನೆಯದು ಮಂಕಾದರೆ ಇನ್ನೇನೂ ಯೋಚಿಸಬೇಡಿ, ಓಡಿ ಹೋಗಿ ಮೇನ್ ಸ್ವಿಚ್ ಇಳಿಸಿ. ಶರಾವತಿ ನಮ್ಮ ತಾಲ್ಲೂಕಿನಲ್ಲೇ ಗೇರುಸೊಪ್ಪೆಯ ಹತ್ತಿರ ಕರೆಂಟು ಕೊಟ್ಟು ಬಂದು ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಆ ಕರೆಂಟು ಮನೆ ಮುಟ್ಟುವ ಕಡೇ ಅರ್ಧ ಮೈಲಿ ಮಾತ್ರ ತೆಂಗಿನ ಮರಗಳ ಕೈಯಲ್ಲಿದೆ. ಸುರಿವ ಮಳೆಯಲ್ಲಿ ಕಂಬ ಹತ್ತಿ ಆ ತಂತಿ ಜೋಡಿಸುವ ಲೈನ್‌ಮನ್‌ಗಳಿಗೆ ನಾವು ಒಂದು ಲೋಟ ಚಹಾ ಕೊಡುವುದೂ ಕಡಿಮೆ, ಅದು ನನಗೆ ಯಾವಾಗಲೂ ಬೇಸರ.

ಹಾಗೆ ವೋಲ್ಟೇಜ್ ಏರಿದಾಗ ಟಿವಿಯನ್ನು ಕಾಯಲು ಫ್ಯೂಸಿನ ಪಕ್ಕದಲ್ಲೇ ನೀಲಿ ಬಿಲ್ಲೆಯಂಥ ವ್ಯಾರಿಸ್ಟರ್ ಒಂದನ್ನು ಇಟ್ಟಿರುತ್ತಾರೆ. ಅದು ತಾನು ಶಾರ್ಟ್ ಆಗಿ ಫ್ಯೂಸನ್ನು ಸುಟ್ಟು ಉಳಿದದ್ದನ್ನು ಉಳಿಸುತ್ತದೆ. ಅದೇ ಇರಬೇಕು ಎಂದುಕೊಂಡೆ. ಆಗ ಅಕ್ಕ ಇನ್ನೊಂದು ಮಾತು ಹೇಳಿದರು. ಅದಕ್ಕೆ ನಾನು ಅಷ್ಟು ಕಿವಿಗೊಡಲಿಲ್ಲ, ಕೊಡಬೇಕಿತ್ತು. ಸ್ವಿಚ್ ಹಾಕಿದಾಗ ಮೊದಲೆಲ್ಲ 'ಗುಂಯ್' ಅಂತ ಒಂದು ಕ್ಷಣ ಬಂದು ನಿಲ್ಲುತ್ತಿದ್ದ ಸದ್ದು ಈಗ ನಿಲ್ಲದೇ 'ಗುಂ' ಅಂತ ಎಳೆಯುತ್ತದೆ, ಆಮೇಲೆ ಫ್ಯೂಸ್ ಹೋಗುತ್ತದೆ. ಪರದೆಯ ಬಲಮೂಲೆಯಲ್ಲಿ ನೇರಳೆ ಬಣ್ಣದ ಕಲೆ ಬೇರೆ ಬಂದಿದೆ.

ಮರುದಿನ ಹೊನ್ನಾವರ ಪೇಟೆಯಿಂದ ಹಳೇ ರಿಪೇರಿಯವರೊಬ್ಬರನ್ನು ಕರೆಸಿದೆವು. ವಯಸ್ಸು ಅರವತ್ತು ದಾಟಿದೆ. ಟಿವಿ ಬಿಚ್ಚುವ ಮೊದಲು ಪ್ಲಗ್ ಕಿತ್ತರು. ಬಿಚ್ಚಿದ ಮೇಲೆ ಮರದ ಮಣೆ ಹಾಕಿಕೊಂಡು ಅದರ ಮೇಲೆ ಕೂತರು, ಎಡಗೈಯನ್ನು ಬೆನ್ನ ಹಿಂದೆ ಇಟ್ಟರು. ಎರಡೂ ಕೈ ಒಳಗೆ ಹಾಕಿದರೆ ಕರೆಂಟು ಒಂದು ಕೈಯಿಂದ ಇನ್ನೊಂದಕ್ಕೆ ಎದೆ ದಾಟಿ ಹೋಗುತ್ತದೆ, ಅದಕ್ಕೇ ಈ ರೂಢಿ. ಪ್ಲಗ್ ಕಿತ್ತರೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಕೂತಿರಬಹುದು, ಪಿಕ್ಚರ್ ಟ್ಯೂಬಿನಲ್ಲಿ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಗೊತ್ತಿಲ್ಲದವರು ಹಿಂದಿನ ಮುಚ್ಚಳ ತೆಗೆಯಲೇಬಾರದು.

ಅವರು ಫ್ಯೂಸಿನ ಜಾಗದಲ್ಲಿ ಹೊಸ ಫ್ಯೂಸ್ ಹಾಕಲಿಲ್ಲ. ಚೀಲದಿಂದ ಹೋಲ್ಡರ್ ಸಮೇತ 100 ವ್ಯಾಟಿನ ಹಳೇ ಬಲ್ಬು ತೆಗೆದು ಅದರ ಎರಡು ತಂತಿಯನ್ನು ಅಲ್ಲಿಗೆ ಸಿಕ್ಕಿಸಿದರು. ಸೀರೀಸ್ ಬಲ್ಬು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಟಿವಿಗೆ ಹಾನಿಯಾಗುವುದಿಲ್ಲ, ಫ್ಯೂಸೂ ದಂಡವಾಗುವುದಿಲ್ಲ. ಸರಿಯಿದ್ದರೆ ಒಮ್ಮೆ ಭಗ್ಗೆಂದು ಮಂಕಾಗುತ್ತದೆ. ಸ್ವಿಚ್ ಹಾಕಿದರು. ಬಲ್ಬು ಹಗಲು ಮಾಡಿದ ಹಾಗೆ ಉರಿಯಿತು. ನೀಲಿ ಬಿಲ್ಲೆಯ ಒಂದು ಕಾಲು ಬಿಡಿಸಿ ನೋಡಿದರು, ಆಗಲೂ ಹಾಗೇ. ನನ್ನ ಅನುಮಾನ ಅಲ್ಲಿಗೆ ಬಿತ್ತು. ಆಮೇಲೆ ಪಿಕ್ಚರ್ ಟ್ಯೂಬಿನ ಸುತ್ತ ಹಾರದ ಹಾಗೆ ಹಾಕಿದ್ದ ಕಪ್ಪು ಕಾಯಿಲಿನ ಪಿನ್ನು ಕಿತ್ತು ಮತ್ತೆ ಸ್ವಿಚ್ ಹಾಕಿದರು. ಬಲ್ಬು ಒಮ್ಮೆ ಹೊಳೆದು ಕೆಂಪು ಗೆರೆಯಷ್ಟಕ್ಕೆ ಇಳಿಯಿತು.

"ಗುಂಯ್ ಅನ್ನುವುದು ಇದೇ ಅಮ್ಮ" ಅಂದರು. ಬಣ್ಣದ ಟ್ಯೂಬಿನೊಳಗೆ ತೂತುತೂತಿನ ತೆಳು ಉಕ್ಕಿನ ಜಾಲರಿ ಇರುತ್ತದೆ. ಭೂಮಿಯ ಕಾಂತಕ್ಕೆ, ಪಕ್ಕದ ಸ್ಪೀಕರಿಗೆ ಅದು ಕಾಂತ ಹಿಡಿಯುತ್ತದೆ, ಆಗ ಬಣ್ಣ ಅಡ್ಡಾದಿಡ್ಡಿ. ಪ್ರತಿ ಸಲ ಸ್ವಿಚ್ ಹಾಕಿದಾಗ ಈ ಕಾಯಿಲಿನಲ್ಲಿ ಒಮ್ಮೆ ಜೋರು ಕರೆಂಟು ಹರಿದು, ಮೆಲ್ಲಗೆ ಇಳಿದು, ಜಾಲರಿಯನ್ನು ತೊಳೆಯುತ್ತದೆ. ಇಳಿಸುವ ಕೆಲಸ ಪೋಸಿಸ್ಟರಿನದು. ತಣ್ಣಗಿದ್ದಾಗ ಅದು ಕರೆಂಟಿಗೆ ದಾರಿ ಬಿಡುತ್ತದೆ, ಬಿಸಿಯಾದ ಹಾಗೆ ಬಾಗಿಲು ಹಾಕುತ್ತದೆ. ಅಕ್ಕನ ಟಿವಿಯಲ್ಲಿ ಆ ಬಾಗಿಲು ಮುಚ್ಚುವುದನ್ನು ಬಿಟ್ಟಿತ್ತು.

ಬೆಂಕಿಪೆಟ್ಟಿಗೆಯ ಅರ್ಧದಷ್ಟಿರುವ ಆ ಕಪ್ಪು ಡಬ್ಬಿಯನ್ನು ಬಿಡಿಸಿ ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದರು. ಒಣಗಿದ ಅಡಿಕೆಯ ಹಾಗೆ ಗಲಗಲ ಅಂದಿತು. ಚಾಕುವಿನಿಂದ ಮುಚ್ಚಳ ಎಬ್ಬಿದರು. ಒಳಗೆ ಮಾತ್ರೆಯಂಥ ಎರಡು ಬೂದು ಬಿಲ್ಲೆ. ಒಂದು ಇಡಿಯಾಗಿತ್ತು. ಇನ್ನೊಂದು ಮೂರು ಚೂರಾಗಿ, ಅಂಚು ಸುಟ್ಟು, ಅದನ್ನು ಒತ್ತಿ ಹಿಡಿದಿದ್ದ ಸ್ಪ್ರಿಂಗು ತುಕ್ಕು ಹಿಡಿದು ಎದುರಿನದಕ್ಕೆ ತಾಗಿತ್ತು. ಚೂರು ಸರಿಯಾಗಿ ಕೂತ ದಿನ ಟಿವಿ ನಡೆಯುತ್ತಿತ್ತು, ಜಾರಿದ ದಿನ ಫ್ಯೂಸು ಹೋಗುತ್ತಿತ್ತು. ಎರಡು ದಿನ, ಒಂದು ವಾರ, ಒಂದು ಕ್ಷಣ, ಎಲ್ಲಕ್ಕೂ ಅಲ್ಲೇ ಉತ್ತರ ಸಿಕ್ಕಿತು. "ಸಮುದ್ರದ ಉಪ್ಪು ಗಾಳಿ, ಏನು ಮಾಡ್ಲಿಕ್ಕಾಗ್ತದೆ" ಅಂದರು. ಹುಡುಗ ಹೇಳಿದ ಹಾಗೆ ತಾಮ್ರ ಸುತ್ತಿದ್ದರೆ ಆ ಕಾಯಿಲು ಕಾದು, ಅದರ ಪ್ಲಾಸ್ಟಿಕ್ ಹೊದಿಕೆ ಉರಿಯುತ್ತಿತ್ತು. ಟಿವಿಯ ಮೇಲೆಯೇ ಅಣ್ಣನ ಫೋಟೋ ತೂಗಿತ್ತು.

ಹೊಸ ಪೋಸಿಸ್ಟರ್ ಅವರ ಹತ್ತಿರವೇ ಇತ್ತು, ಹಳೇ ಟಿವಿಯೊಂದರಿಂದ ಬಿಚ್ಚಿ ಇಟ್ಟದ್ದು. ಬೆಸುಗೆ ಹಾಕಿ ಬಲ್ಬಿನ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿ, ಹಿಂದೆ ಬರೆದಿದ್ದಷ್ಟೇ ಆಂಪಿಯರಿನ ಗಾಜಿನ ಫ್ಯೂಸ್ ಹಾಕಿದರು. ಮುಚ್ಚಳ ಹಾಕುವ ಮೊದಲು ಬಣ್ಣದ ಬ್ರಷ್ಷಿನಲ್ಲಿ ಒಳಗಿನ ಧೂಳು, ಹಲ್ಲಿ ಮೊಟ್ಟೆಯ ಸಿಪ್ಪೆ ಎಲ್ಲ ತೆಗೆದರು. ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಟಿವಿ ಹಾಕಬೇಕು, ಒಳಗಿನ ಬಿಸಿಗೆ ತೇವ ಆರುತ್ತದೆ, ಗುಡುಗಿದರೆ ಪ್ಲಗ್ಗನ್ನೂ ಕೇಬಲ್ಲನ್ನೂ ಕಿತ್ತಿಡಬೇಕು ಅಂತ ಅಕ್ಕನಿಗೆ ಹೇಳಿ ಬಸ್ಸು ಹಿಡಿದರು. ಪೇಟೆಯಲ್ಲಿ ಈಗ ಹಲವರು ಬೋರ್ಡಿಗೆ ಬೋರ್ಡೇ ಬದಲಿಸುತ್ತಾರೆ. ಬಿಲ್ಲೆಯೊಂದು ಒಡೆದದ್ದನ್ನು ಕಿವಿಯಿಂದ ಕೇಳಿ ಹಿಡಿಯುವವರು ಇನ್ನೆಷ್ಟು ಮಂದಿ ಉಳಿದಾರೋ. ಅವರ ಹತ್ತಿರ ಈ ಕೆಲಸ ಕಲಿಯಲು ಯಾರಾದರೂ ಹೋಗಬೇಕು ಅಂತ ನನ್ನ ಆಸೆ. ತಾಮ್ರ ಸುತ್ತಲು ಹೊರಟಿದ್ದ ಹುಡುಗನಿಗೂ ಹೇಳಿದ್ದೇನೆ. ಕೆಟ್ಟ ಹುಡುಗನಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೆ.

ಆ ರಾತ್ರಿ ಮಳೆ ಜೋರಿತ್ತು. ಆದರೂ ಒಂಬತ್ತರ ಮೇಲೆ ಬೇಲಿಯಾಚೆಯಿಂದ 'ಗುಂಯ್' ಕೇಳಿಸಿ ನಿಂತಿತು. ನೇರಳೆ ಕಲೆ ಮಾತ್ರ ಇನ್ನೂ ಹೋಗಿಲ್ಲ ಅಂತ ಅಕ್ಕ ಮರುದಿನ ದೂರಿದರು. ದಿನಾ ಹಾಕಿ, ಅದೇ ತೊಳಕೊಂಡು ಹೋಗ್ತದೆ ಅಂದೆ. ನಾಲ್ಕನೇ ದಿನ ಮಳೆ ಹೊಳವಾದಾಗ ಎರಡು ಎಳೇ ಸೌತೆಕಾಯಿ ಹಿಡಿದುಕೊಂಡು ದಣಪೆ ಹತ್ತಿರ ಬಂದರು. "ಮೂಲೆ ಬೆಳ್ಳಗಾಯ್ತು" ಅಂದರು.