ಸೈಟೋ, ಫ್ಲಾಟೋ, ಕೋಟೆಯೋ?

ದುರ್ಗದಲ್ಲಿ ಮನೆ ಕೊಳ್ಳುತ್ತೇನೆ ಎಂದು ಬಾಯಿಬಿಟ್ಟರೆ ಸಾಕು, ಹೋಟೆಲಿನ ಕಾಫಿ ಆರುವಷ್ಟರಲ್ಲಿ ಸಲಹೆಗಾರರು ಸುತ್ತುಗಟ್ಟುತ್ತಾರೆ. ಫ್ಲಾಟ್ ವಿರೋಧಿಗಳದು ಒಂದೇ ವಾದ: "ಕಾಲಡಿ ಸ್ವಂತ ನೆಲ ಇಲ್ಲ, ತಲೆ ಮೇಲೆ ಸ್ವಂತ ಸೂರಿಲ್ಲ, ನಡುವೆ ತೇಲಾಡೋಕೆ ಅಷ್ಟು ದುಡ್ಡೇ?" ಮೂವತ್ತು-ನಲವತ್ತರ ಸೈಟು ನೋಡಿದರೆ ಇ-ಖಾತಾ ಆಗಿದೆಯೋ, ಈಶಾನ್ಯ ಬೆಳೆದಿದೆಯೋ ಎಂಬ ವಿಚಾರಣೆ. ಅಜ್ಜಿಗೆ ಮಾತ್ರ ಮಣ್ಣಿನ ಮಾಳಿಗೆ ಮನೆಯೇ ಆಗಬೇಕು. ಬೇಸಿಗೆಯಲ್ಲಿ ತಂಪು, ನಿಜ. ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹೊರುವವರು ಯಾರು?

ನನ್ನನ್ನು ಕೇಳಿದರೆ ಈ ಊರಲ್ಲಿ ಸರಿಯಾಗಿ ಕಟ್ಟಿಸಿದವರು ಪಾಳೆಯಗಾರರೇ. ಏಳು ಸುತ್ತಿನ ಕಾಂಪೌಂಡು, ಅಡಿಪಾಯಕ್ಕೆ ಪುಕ್ಕಟೆ ಬಂಡೆ, ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ ಹರಿಯುವ ಮಳೆಕೊಯ್ಲು. ಅದರಲ್ಲೂ ಒಂದು ಕಿಂಡಿ ಉಳಿದೇಬಿಟ್ಟಿತು, ಓಬವ್ವನಿಗೆ ಒನಕೆ ಹಿಡಿಯುವ ಕೆಲಸ ಬಿತ್ತು. 1779ರಲ್ಲಿ ಹೈದರ್ ಅಲಿ ಖಾತೆಯನ್ನೇ ಬದಲಾಯಿಸಿಕೊಂಡ.

ಹಿರಿಯೂರಿನ ನಂಟರೊಬ್ಬರು, 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗಿನಿಂದ, "ಲೇಕ್ ವ್ಯೂ" ಸೈಟು ತೋರಿಸುತ್ತಿದ್ದಾರೆ. ಅದಕ್ಕೆ ಮುಂಚೆ ಕೋಡಿ ಬಿದ್ದದ್ದು 1933ರಲ್ಲಿ ಎಂದೆ. ಆ ಮಾತಿಗೆ ಅವರಿಗೆ ಕಿವಿ ಕೇಳಿಸಲಿಲ್ಲ. 2025ರಲ್ಲಿ ಮತ್ತೆ ಕೋಡಿ ಬಿತ್ತು. ಮಾರನೆಯ ದಿನವೇ ಚದರಡಿಗೆ ರೇಟು ಏರಿಸಿದರು.