ಫೆರೆಟ್ ಮೂತ್ರ ಪ್ರಮಾಣ ಮೀಮಾಂಸೆ

ಪೀಠಿಕೆ

ಗಡಿಗೆ, ಹಗ್ಗ, ಹಾವು, ಹೊಗೆಯೇಳುವ ಗುಡ್ಡ, ಇಷ್ಟನ್ನೇ ಮುಂದಿಟ್ಟುಕೊಂಡು ನಮ್ಮ ತಾರ್ಕಿಕರು ಶತಮಾನಗಟ್ಟಲೆ ವಾದ ಮಾಡಿದರು. ಫೆರೆಟ್ಟಿನ ಮೂತ್ರದ ಬಗ್ಗೆ ಒಬ್ಬರೂ ತುಟಿ ಬಿಚ್ಚಲಿಲ್ಲ. ಅರಿವಿನ ಆರು ಪ್ರಮಾಣಗಳ ಮೂಲಕ ಶಾಸ್ತ್ರದ ಈ ಲೋಪವನ್ನು ತುಂಬಿಕೊಡುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಫೆರೆಟ್ಟನ್ನು ಕಂಡ ಕನ್ನಡಿಗರು ಮುಂಗುಸಿಯೆಂದೇ ಭ್ರಮಿಸುತ್ತಾರೆ. ಶುಕ್ತಿಯಲ್ಲಿ ರಜತ ಕಂಡಂತೆ. ವಾಸ್ತವದಲ್ಲಿ ಇದು ನೀರುನಾಯಿಯ ಕುಟುಂಬದ್ದು. ದಿನಕ್ಕೆ 14ರಿಂದ 18 ಗಂಟೆ ನಿದ್ರಿಸುತ್ತದೆ. ಗಂಡಾದರೆ ಒಂದರಿಂದ ಎರಡು ಕಿಲೊ ತೂಗುತ್ತದೆ. ಕ್ಯಾಲಿಫೋರ್ನಿಯಾ, ಹವಾಯಿ ರಾಜ್ಯಗಳಲ್ಲಿ ಇದನ್ನು ಸಾಕುವಂತಿಲ್ಲ. ನ್ಯೂಯಾರ್ಕ್ ನಗರದಲ್ಲೂ ನಿಷೇಧವಿದೆ. 1999ರಲ್ಲಿ ಅಲ್ಲಿನ ಮೇಯರ್ ಜೂಲಿಯಾನಿ, ಫೆರೆಟ್ ಪರ ವಾದಿಸಿದ ಕೇಳುಗನೊಬ್ಬನನ್ನು ರೇಡಿಯೊದಲ್ಲೇ ತರಾಟೆಗೆ ತೆಗೆದುಕೊಂಡರು. ಹೀಗಾಗಿ ನಮ್ಮ ಅಧ್ಯಯನಕ್ಷೇತ್ರ ಹಡ್ಸನ್ ನದಿಯ ಇನ್ನೊಂದು ದಡದಲ್ಲಿರುವ ನ್ಯೂಜೆರ್ಸಿಯ ಒಂದು ಕನ್ನಡ ಮನೆ.

ಪ್ರತ್ಯಕ್ಷ

ಫೆರೆಟ್ ಮೂಲೆ ಹುಡುಕಿ, ಹಿಂದಕ್ಕೆ ಹಿಂದಕ್ಕೆ ಸರಿದು, ಬಾಲವೆತ್ತಿ ಕಾರ್ಯ ಮುಗಿಸುತ್ತದೆ. ಮಾಡಿದ್ದನ್ನು ಮುಚ್ಚಿಡುವ ಸಂಕೋಚ ಅದಕ್ಕಿಲ್ಲ. ಅದು ಸಂಶೋಧಕನ ಪುಣ್ಯ. ಟ್ರೇಗೆ ಬಿಳಿಯ ಪೇಪರ್ ಟವೆಲ್ ಹಾಸಿದರೆ ಬಣ್ಣ ಕಣ್ಣಿಗೆ ಬೀಳುತ್ತದೆ. ಹಳದಿ ಸಾಧು, ಕೆಂಪು, ಕಂದು, ಮರಳಿನಂಥ ಕಣ ಅಸಾಧು. ಹಾಸುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ ಅಳತೆಯೂ ಸಿಗುತ್ತದೆ: ಒಂದು ಗ್ರಾಂ ಹೆಚ್ಚಿದರೆ ಸರಿಸುಮಾರು ಒಂದು ಮಿಲಿಲೀಟರ್. ದಿನದ ಸರಾಸರಿ 26ರಿಂದ 28 ಮಿಲಿಲೀಟರ್ ಎನ್ನುತ್ತಾರೆ. ಪ್ರಾಣಿಯಿಂದ ಪ್ರಾಣಿಗೆ ಬಹಳ ವ್ಯತ್ಯಾಸವಿರುವುದರಿಂದ ನಮ್ಮ ಫೆರೆಟ್ಟಿನ ವಾಡಿಕೆ ಎಷ್ಟೆಂಬುದನ್ನು ಆರೋಗ್ಯವಾಗಿದ್ದಾಗಲೇ ಬರೆದಿಡಬೇಕು. ಅದೇ ತಕ್ಕಡಿಯಲ್ಲಿ ಆಮೇಲೆ ಚಿರೋಟಿ ರವೆ ತೂಗಬಹುದೇ ಎಂಬುದು ಧರ್ಮಶಾಸ್ತ್ರದ ಪ್ರಶ್ನೆ. ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ಅನುಮಾನ

‘ಎಲ್ಲೆಲ್ಲಿ ಒದ್ದೆಯೋ ಅಲ್ಲಲ್ಲಿ ಮೂತ್ರ’ ಎಂಬ ವ್ಯಾಪ್ತಿ ನಿಲ್ಲುವುದಿಲ್ಲ. ನೀರಿನ ಬಟ್ಟಲನ್ನು ಮಗುಚಿಹಾಕುವುದು ಫೆರೆಟ್ಟಿನ ನಿತ್ಯಕರ್ಮ. ಆದ್ದರಿಂದ ಒದ್ದೆಯೆಂಬುದು ಸವ್ಯಭಿಚಾರ ಹೇತು. ಮೂಸಿ ನೋಡಿದರೆ ದೋಷ ಪರಿಹಾರವಾಗುತ್ತದೆ. ಪಂಡಿತರು ಈ ಹಂತವನ್ನು ಶಿಷ್ಯರಿಗೆ ಬಿಡುವುದು ವಾಡಿಕೆ.

ಉಪಮಾನ

‘ಗವಯವು ಹಸುವಿನಂತೆ’ ಎಂಬಂತೆ ‘ಫೆರೆಟ್ ಬೆಕ್ಕಿನಂತೆ’ ಎನ್ನುವವರಿದ್ದಾರೆ. ಗಂಡು ಫೆರೆಟ್ಟಿನಂತೆ ಗಂಡು ಬೆಕ್ಕಿಗೂ ಮೂತ್ರ ಕಟ್ಟುವುದರಿಂದ ಉಪಮಾನ ಅರ್ಧ ಸಿದ್ಧ. ಆದರೆ ಬೆಕ್ಕಿಗೆ ಬಳಸುವ, ಒದ್ದೆಯಾದರೆ ಗಂಟುಕಟ್ಟುವ ಜೇಡಿಮಣ್ಣು ಇದಕ್ಕೆ ಹೊಂದುವುದಿಲ್ಲ. ಕಾಗದದ ಉಂಡೆಗಳೇ ಲೇಸು. ಉಳಿದರ್ಧ ಅಸಿದ್ಧ.

ಶಬ್ದ

ಆಪ್ತವಾಕ್ಯವೇ ಶಬ್ದ. ಆಪ್ತರು ಯಾರೆಂಬಲ್ಲಿ ಜಗಳ. ಆರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿರುವ ತಾಯಿಯವರು ಪೂರ್ವಪಕ್ಷ ಹೂಡುತ್ತಾರೆ: “ಉಷ್ಣ ಆಗಿದೆ ಕಣೋ. ಬಾರ್ಲಿ ನೀರು ಕುಡಿಸು. ಕಲ್ಲಾಗಿದ್ರೆ ಬಾಳೆದಿಂಡಿನ ರಸ ಹಾಕು, ನಿನ್ನ ಸೋದರಮಾವನಿಗೆ ಅದರಲ್ಲೇ ಹೋಯ್ತು.”

ಸಿದ್ಧಾಂತಿಯ ಉತ್ತರ: ಸೋದರಮಾವ ಫೆರೆಟ್ ಅಲ್ಲವಾದ್ದರಿಂದ ದೃಷ್ಟಾಂತ ಸಲ್ಲದು. ಫೆರೆಟ್ ಮಾಂಸವನ್ನೇ ನಂಬಿದ ಜೀವ. ಕರುಳು ಗಿಡ್ಡ, ತಿಂದದ್ದು ಮೂರು–ನಾಲ್ಕು ಗಂಟೆಯಲ್ಲಿ ಹೊರಕ್ಕೆ. ಕಾಳುಕಡಿಯ ಪ್ರೋಟೀನ್ ಹೆಚ್ಚಾದರೆ ಮೂತ್ರ ಕ್ಷಾರೀಯವಾಗಿ ಸ್ಟ್ರುವೈಟ್ ಕಲ್ಲು ಕಟ್ಟುತ್ತದೆ. ಈಚಿನ ವರ್ಷಗಳಲ್ಲಿ ಸಿಸ್ಟೀನ್ ಕಲ್ಲುಗಳೂ ಹೆಚ್ಚಾಗಿ ಕಾಣಿಸಿಕೊಂಡಿವೆ. ಸುಶ್ರುತ ಹೇಳಿದ ನಾಲ್ಕು ಬಗೆಯ ಅಶ್ಮರಿಗಳಲ್ಲಿ ಇವೆರಡು ಯಾವುದಕ್ಕೆ ಸೇರುತ್ತವೆ ಎಂಬ ವಿಷಯದಲ್ಲಿ ಒಂದು ಪಿಎಚ್‌.ಡಿ.ಗೆ ಜಾಗ ಖಾಲಿಯಿದೆ. ಕುಡಿಯುವ ನೀರು ಸದಾ ಇರಬೇಕೆಂಬಲ್ಲಿ ಮಾತ್ರ ತಾಯಿಯವರಿಗೂ ವೈದ್ಯರಿಗೂ ಏಕವಾಕ್ಯತೆ.

ಅರ್ಥಾಪತ್ತಿ

ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಹಾಗೆಯೇ ಟ್ರೇ ಒಣಗಿದೆ, ಫೆರೆಟ್ ಕುಣಿಯುತ್ತಿದೆ. ಆದ್ದರಿಂದ ಸೋಫಾದ ಹಿಂದೆ ಮಾಡಿದೆ. ಬಗ್ಗಿ ನೋಡಿದವರಿಗೆ ಪ್ರಮಾಣದ ಬಲ ತಿಳಿಯುತ್ತದೆ. ಕುಣಿತ ನಿಂತಿದ್ದರೆ ಮಾತ್ರ ಸೋಫಾ ಸರಿಸುತ್ತ ಕೂರಬಾರದು. ಮುಂದಿನ ಪ್ರಕರಣಕ್ಕೆ ಹೋಗತಕ್ಕದ್ದು.

ಅನುಪಲಬ್ಧಿ

‘ನೆಲದ ಮೇಲೆ ಗಡಿಗೆಯಿಲ್ಲ’ ಎಂಬ ಅರಿವು ಕಣ್ಣಿನಿಂದ ಬಂತೋ, ಕಾಣದಿದ್ದುದರಿಂದ ಬಂತೋ ಎಂದು ನೈಯಾಯಿಕರೂ ಭಾಟ್ಟರೂ ಬಿಡುವಾಗಿ ಕಾದಾಡಿದರು. ಗಡಿಗೆ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ. ಮೂತ್ರದ ಅಭಾವಕ್ಕೆ ಅಷ್ಟು ವ್ಯವಧಾನವಿಲ್ಲ.

ಇದ್ದಿದ್ದರೆ ಕಂಡೇ ಕಾಣಬೇಕಿತ್ತು ಎನ್ನುವಂತಿದ್ದರೆ ಮಾತ್ರ ಅನುಪಲಬ್ಧಿ ಪ್ರಮಾಣ. ಆದ್ದರಿಂದ ಅನುಮಾನ ಬಂದ ಕೂಡಲೇ ಹೊಸ ಹಾಸು ಹಾಕಬೇಕು. ಮನೆಯಲ್ಲಿ ಎರಡು ಫೆರೆಟ್ಟುಗಳಿದ್ದರೆ ಬೇರೆ ಬೇರೆ ಇಡಬೇಕು. ಗಂಡು ಪದೇ ಪದೇ ಮೂಲೆಗೆ ಹೋಗಿ, ತಿಣುಕಿ, ನರಳಿ, ಹನಿ ತೊಟ್ಟಿಕ್ಕಿಸಿಯೋ ಏನೂ ಬಾರದೆಯೋ ಮರಳಿದರೆ ಪ್ರಮಾಣ ಸಿದ್ಧಿಸಿತು. ಕಾರಣ ಕಲ್ಲಿರಬಹುದು. ನಡುವಯಸ್ಸಿನ ಗಂಡಾದರೆ ಅಡ್ರಿನಲ್ ಗ್ರಂಥಿಯನ್ನೂ ಶಂಕಿಸಬೇಕು. ಅಮೆರಿಕದ ಅಂಗಡಿಗಳಿಗೆ ಬರುವ ಮರಿಗಳಿಗೆ ಕೆಲವೇ ವಾರಗಳ ವಯಸ್ಸಿಗೆ ಸಂತಾನಹರಣ ಮಾಡಿರುತ್ತಾರೆ. ಬೀಜವಿಲ್ಲದ ಮೇಲೆ ಪಿಟ್ಯುಟರಿಯ ಆಜ್ಞೆಗಳೆಲ್ಲ ಅಡ್ರಿನಲ್ ಬಾಗಿಲಿಗೆ ಹೋಗುತ್ತವೆ. ಅದು ಲೈಂಗಿಕ ಹಾರ್ಮೋನು ಸುರಿಸತೊಡಗಿದರೆ ಪ್ರಾಸ್ಟೇಟ್ ಊದಿ ಮೂತ್ರನಾಳವನ್ನು ಅಮುಕುತ್ತದೆ. ಬಾಲದ ಕೂದಲು ಉದುರುವುದು ಇದರ ಮುನ್ಸೂಚನೆ.

ಹೊಟ್ಟೆ ಒತ್ತಿ ಮೂತ್ರ ಹೊರಡಿಸುವ ಪ್ರಯೋಗ ನಿಷಿದ್ಧ, ಚೀಲ ಒಡೆಯಬಹುದು. ಗಂಡಿನ ಶಿಶ್ನದ ಮೂಳೆ ತುದಿಯಲ್ಲಿ ಕೊಕ್ಕೆಯಾಗಿ ಬಾಗಿರುವುದರಿಂದ ನಳಿಕೆ ಹಾಕುವುದು ಪಳಗಿದ ಪಶುವೈದ್ಯರಿಗೂ ಕಷ್ಟ. ಮೂತ್ರ ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಮ್ ಏರಿ ಎದೆಬಡಿತ ತಪ್ಪುತ್ತದೆ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು.

ನಿರ್ಣಯ

ಇಷ್ಟೆಲ್ಲ ಬರೆದಿಟ್ಟ ಪುಸ್ತಕದಲ್ಲಿ ವೈದ್ಯರು ಮೊದಲು ಹುಡುಕುವುದು ಒಂದೇ ಸಾಲು: ಕೊನೆಯ ಸಲ ಮೂತ್ರ ಹೋದದ್ದು ಎಷ್ಟು ಹೊತ್ತಿಗೆ? ಉಳಿದ ಐದು ಪ್ರಮಾಣಗಳೂ ಆ ಸಾಲಿಗೆ ಬರೆದ ಭಾಷ್ಯ. ಆರನೆಯದು ಸಿದ್ಧಿಸಿದ ಮೇಲೂ ಏಳನೆಯದನ್ನು ಹುಡುಕುವವನು ಪಂಡಿತ. ಫೆರೆಟ್ ಸಾಕಿದವನು ಕಾರಿನ ಕೀಲಿ ಹುಡುಕತಕ್ಕದ್ದು.