ಸಕಲಕಲಾವಲ್ಲಭನ ಅಭಿಮಾನಿ

ಕೋಲಾರ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್‌ನಿಂದ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನೌಕರವರ್ಗದಲ್ಲಿ ರಾಜಕೀಯ ಪಂಡಿತ, ಕ್ರಿಕೆಟ್ ಪಂಡಿತ ಮುಂತಾದ ಹಳೆಯ ಪ್ರಭೇದಗಳ ಜೊತೆಗೆ ಈಚೆಗೆ ಸೇರ್ಪಡೆಯಾದವನು ಸೈಕಲ್ ಪಂಡಿತ. ಆತ ಸ್ವತಃ ಸೈಕಲ್ ತುಳಿಯುವುದು ಮನೆಯಿಂದ ಊರಿಗಾಂ ನಿಲ್ದಾಣದವರೆಗೆ ಮಾತ್ರ; ಅದರಲ್ಲೂ ಏರು ಬಂದಲ್ಲಿ ಇಳಿದು ತಳ್ಳುವುದು ರೂಢಿ. ಆದರೆ ಜುಲೈ ತಿಂಗಳ ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿ, ಇಪ್ಪತ್ತೊಂದು ಹಂತಗಳ ಟೂರ್ ಡಿ ಫ್ರಾನ್ಸ್ ಪಂದ್ಯ ಮೊಬೈಲಿನಲ್ಲಿ ತೆರೆದುಕೊಂಡಿತೆಂದರೆ, ಆಲ್ಪ್ಸ್ ಪರ್ವತದ ಯಾವ ತಿರುವಿನಲ್ಲಿ ಯಾರು ಸೋಮಾರಿಯಾದರೆಂಬುದು ಆತನಿಗೆ ತಿಳಿಯದೆ ಇರದು.

ಈ ಪಂಡಿತನ ಆರಾಧ್ಯದೈವ ಬೆಲ್ಜಿಯಂನ ವೌಟ್ ವಾನ್ ಆರ್ಟ್. 2021ರ ಟೂರ್‌ನಲ್ಲಿ ಆತ ಮೋಂ ವಾಂತೂ ಪರ್ವತವನ್ನು ಎರಡು ಬಾರಿ ಹತ್ತಬೇಕಾದ ಹಂತವನ್ನೂ, ಗಡಿಯಾರವೊಂದನ್ನೇ ಎದುರಾಳಿಯಾಗಿಸಿಕೊಂಡು ಒಂಟಿಯಾಗಿ ತುಳಿಯುವ ‘ಟೈಮ್ ಟ್ರಯಲ್’ ಅನ್ನೂ, ಅದರ ಮರುದಿನವೇ ಪ್ಯಾರಿಸ್ಸಿನಲ್ಲಿ ಗುಂಪಿನ ಕೊನೆಯ ಬಿರುಸಿನ ಓಟವಾದ ‘ಸ್ಪ್ರಿಂಟ್’ ಅನ್ನೂ ಗೆದ್ದನು. ಬೆಟ್ಟಕ್ಕೆ ಹಗುರ ಮೈ ಬೇಕು, ಸ್ಪ್ರಿಂಟಿಗೆ ತುಂಬಿದ ತೊಡೆ ಬೇಕು, ಒಂದನ್ನು ಸಾಕಿದರೆ ಇನ್ನೊಂದು ಸೊರಗುತ್ತದೆ. ಆದ್ದರಿಂದ ಈ ಮೂರೂ ಒಬ್ಬನಲ್ಲಿ ಕೂಡಿಬರುವುದು ತೀರ ಅಪರೂಪ. ಪಂಡಿತನಾದರೋ ಆ ಅಪರೂಪವನ್ನೇ ಅಂದಿನಿಂದ ದಿನದ ಹಾಜರಿಯೆಂದು ಬರೆದುಕೊಂಡನು. 2022ರಲ್ಲಿ ವಾನ್ ಆರ್ಟ್ ಅಂಕಗಳ ಪಟ್ಟಿಯ ಮೊದಲಿಗನಿಗೆ ಸಲ್ಲುವ ಹಸಿರು ಅಂಗಿಯನ್ನು ಗೆದ್ದು, ಒಟಾಕಾಂ ಏರಿನಲ್ಲಿ ತನ್ನ ತಂಡದ ನಾಯಕ ವಿಂಗೆಗೋಗೆ ದಾರಿ ಮಾಡುತ್ತ ಮುಂದೆ ತುಳಿದು ಎದುರಾಳಿ ಪೊಗಾಚರ್‌ನಂಥವನನ್ನೇ ಹಿಂದೆ ಬೀಳಿಸಿದಾಗಲೂ, “ಅದೆಲ್ಲ ಸರಿ ಸಾರ್, ಇಡೀ ಪಂದ್ಯದ ಮೊದಲಿಗ ತೊಡೋ ಹಳದಿ ಅಂಗಿಯನ್ನ ಪ್ಯಾರಿಸ್‌ವರೆಗೂ ಯಾಕೆ ತರಲಿಲ್ಲ?” ಎಂದು ಪಕ್ಕದವನನ್ನು ಜಗ್ಗಿ ಕೇಳಿದನು.

ಸೋಜಿಗವೆಂದರೆ, ನಾಯಕನೇ ಬೇರೆ, ಅವನಿಗಾಗಿ ತುಳಿಯುವವನೇ ಬೇರೆ ಎಂಬ ಕೆಲಸದ ಹಂಚಿಕೆಯೆಂದರೇನೆಂಬುದು ಇವನ ಊರಿಗೆ ಹೇಳಿಕೊಡಬೇಕಾದ ಪಾಠವಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ಆ ಗಣಿಯಲ್ಲಿ, ನೆಲದಡಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದಿದ್ದ ಚಾಂಪಿಯನ್ ರೀಫ್‌ನಲ್ಲಿ, ಬಂಡೆ ಕೊರೆಯುವವನೇ ಬೇರೆ, ಮದ್ದು ಸಿಡಿಸುವವನೇ ಬೇರೆ, ಆಳುಗಳನ್ನು ಇಳಿಸಿ ಏರಿಸುವ ‘ಕೇಜ್’ ಎಂಬ ಕಬ್ಬಿಣದ ಪಂಜರದ ಯಂತ್ರವನ್ನು ನಡೆಸುವವನೇ ಬೇರೆ. ಯಂತ್ರದವನನ್ನು ಕರೆದು ಮದ್ದನ್ನೂ ನೀನೇ ಸಿಡಿಸೆಂದು ಹೇಳಿದ್ದರೆ ಏನಾಗುತ್ತಿತ್ತೆಂಬುದು ಗಣಿ ಕಾರ್ಮಿಕನ ಮಗನಾದ ಪಂಡಿತನಿಗೆ ಚೆನ್ನಾಗಿಯೇ ಗೊತ್ತು. ಬಂಗಾರಪೇಟೆಯಲ್ಲಿ ಇಳಿದು, ತಿಳಿನೀರಿನಂತೆ ಕಂಡರೂ ಕಣ್ಣಲ್ಲಿ ನೀರು ತರಿಸುವ ಅಲ್ಲಿನ ಹೆಸರಾಂತ ಪಾನಿಪುರಿ ತಿನ್ನುವಾಗ ಅದೇ ಗಾಡಿಯವನನ್ನು ಮಸಾಲೆದೋಸೆ ಕೇಳುವಷ್ಟು ಅವಿವೇಕಿಯೂ ಆತನಲ್ಲ. ಕಚೇರಿಯಲ್ಲಿ ಪಕ್ಕದ ಮೇಜಿನ ಕಡತವೊಂದು ತನ್ನ ಮೇಜಿಗೆ ಜಾರಿದರಂತೂ, ಅದು ತನ್ನ ಸೆಕ್ಷನ್ ಅಲ್ಲವೆಂದು ಟಿಪ್ಪಣಿ ಬರೆದು ಹಿಂದಿರುಗಿಸುವುದರಲ್ಲಿ ಆತನ ವೇಗವನ್ನು ಯಾವ ಸ್ಪ್ರಿಂಟರನೂ ಮುಟ್ಟಲಾರ.

ಒಂದನ್ನೇ ಬಲ್ಲವನು ಒಂದರಲ್ಲಿ ಸೋತರೆ ಒಂದೇ ಸೋಲು. ಹಲವನ್ನು ಬಲ್ಲವನಿಗೆ ಗೆಲ್ಲದೆ ಉಳಿದದ್ದೆಲ್ಲವೂ ಸೋಲಿನ ಲೆಕ್ಕಕ್ಕೆ ಬೀಳುತ್ತದೆ, ಆ ಲೆಕ್ಕ ಬರೆಯುವವನು ಯಾವಾಗಲೂ ಕಿಟಕಿ ಪಕ್ಕದ ಸೀಟಿನಲ್ಲೇ ಕೂತಿರುತ್ತಾನೆ. ಆತನ ಸೈಕಲ್ ಮಾತ್ರ ಊರಿಗಾಂ ನಿಲ್ದಾಣದ ಬೇಲಿಗೆ ಒರಗಿಕೊಂಡು, ಮನೆಯ ಏರಿನಲ್ಲಿ ತಳ್ಳಿಸಿಕೊಳ್ಳಲು ಕಾಯುತ್ತಿರುತ್ತದೆ.